ತೊಳೆದ ಮಾಂಸ

ಡಬ್ಬಿಯ ಮುಚ್ಚಳ ತೆಗೆದ ಬೆನಿಲ್ದೆ ಹಾಗೇ ನಿಂತುಬಿಟ್ಟಳು. ಒಳಗೆ ಅರ್ಧ ತಿಂದು ಬಿಟ್ಟ ಬುರಿಟೊ ಇತ್ತು, ಪಲ್ಯ ತುಂಬಿ ಸುತ್ತಿದ ರೊಟ್ಟಿ. ಬೆಳಿಗ್ಗೆ ಅವಳು ಸುತ್ತಿಕೊಟ್ಟದ್ದು ಇದಲ್ಲ.

ಗಂಡ ಹಸಿಂತೊ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದ. ಪಂಕ್ಚರ್ ಅಂಗಡಿಯ ಕರಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಕಾಲು ಗಂಟೆ ಉಜ್ಜಬೇಕು. ಬೆನಿಲ್ದೆ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ತೋರ್ತಿಯಾ ರೊಟ್ಟಿ ಅಂದರೆ ಸಾಮಾನ್ಯವೇ? ಗೋಧಿ ಹಿಟ್ಟಿನ ಉಂಡೆಯನ್ನು ಮೊಣಕೈವರೆಗೆ ಬೀಸಿ ಬೀಸಿ ಎಳೆದರೆ ಬಟ್ಟೆ ಒಗೆಯುವ ಬೋಗುಣಿಯಷ್ಟು ಅಗಲ, ಆಚೆ ನಿಂತವರ ಮುಖ ಕಾಣಬೇಕು, ಅಷ್ಟು ತೆಳು. ಇದೋ, ದಪ್ಪ. ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿ. ಮೂಲೆ ಬೇರೆ ಬಂದಿದೆ ದರಿದ್ರಕ್ಕೆ. ಯಾವಳೋ ಚಿಕ್ಕ ವಯಸ್ಸಿನವಳು, ಕಾವಲಿಯ ಮುಂದೆ ನಿಂತು ಅಭ್ಯಾಸವಿಲ್ಲದವಳು.

ರೊಟ್ಟಿ ಬಿಡಿಸಿ ನೋಡಿದಳು. ಆಗ ತಲೆ ಇನ್ನೂ ಕೆಟ್ಟಿತು. ಒಳಗಿದ್ದ ಮಾಂಸ ಅವಳದೇ! ದನದ ಮಾಂಸಕ್ಕೆ ಉಪ್ಪು ಸವರಿ, ಮಾಡಿನ ಕೆಳಗೆ ತಂತಿಗೆ ಹಾಕಿ ಒಣಗಿಸಿ, ಕಲ್ಲಲ್ಲಿ ಕುಟ್ಟಿ ಎಳೆ ಎಳೆ ಬಿಡಿಸಿದ ಮಚಾಕ. ಈ ಬೀದಿಯಲ್ಲಿ ಅಷ್ಟು ಉದ್ದ ಎಳೆ ತೆಗೆಯುವ ಕೈ ಇನ್ನೊಂದಿಲ್ಲ. ತನ್ನ ಮಾಂಸ ಬೇರೆಯವಳ ರೊಟ್ಟಿಯೊಳಗೆ ಹೋದದ್ದು ಹೇಗೆ? ಗಂಡನನ್ನು ಹಾರಿಸಿಕೊಂಡು ಹೋಗುವವಳು ಹೆಂಡತಿಯ ಪಲ್ಯವನ್ನೂ ಸೇರಿಸಿ ಹಾರಿಸುತ್ತಾಳೆಯೇ?

ಒಂದು ಚೂರು ಬಾಯಿಗೆ ಹಾಕಿಕೊಂಡಳು. ಸಪ್ಪೆ. ಬರೀ ಸಪ್ಪೆ.

"ಇವತ್ತು ಊಟ ಹೇಗಿತ್ತು?" ಅವನು ಟವೆಲಲ್ಲಿ ಕೈ ಒರೆಸುತ್ತ ಒಳಗೆ ಬಂದಾಗ ಕೇಳಿದಳು.

"ಚೆನ್ನಾಗಿತ್ತು ಕಣೆ ಮುದುಕಿ. ಯಾವತ್ತು ಚೆನ್ನಾಗಿರಲ್ಲ ಹೇಳು?"

"ಪೂರ್ತಿ ತಿಂದ್ಯಾ?"

"ಅರ್ಧ ಮಿಕ್ಕಿತ್ತೇನೋ. ಗಿರಾಕಿ ಬಂದ."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮೂವತ್ತನಾಲ್ಕು ವರ್ಷ ಜೊತೆಗೆ ಬಾಳಿದ ಗಂಡಸು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಈ ವರ್ಷವೇ ಸರಿಯಿಲ್ಲ ಎಂದುಕೊಂಡಳು. ಜನವರಿಯಲ್ಲಿ ಜ್ವರ ಬಂದು ಮೂರು ವಾರ ಮಲಗಿದ್ದಳು. ಎದ್ದಾಗಿನಿಂದ ಒಂದೂ ನೆಟ್ಟಗಿಲ್ಲ. ಮೆಣಸಿನಕಾಯಿಗೆ ಖಾರ ಬಿಟ್ಟು ಬೇರೆ ಗುಣವಿಲ್ಲ, ಚೀಸಿಗೆ ಹಾಲಿನ ಘಮವಿಲ್ಲ, ಕಾಫಿ ಬಿಸಿನೀರು. ಅಂಗಡಿಯವರೆಲ್ಲ ಸೇರಿ ಮೋಸಕ್ಕೆ ಇಳಿದಿದ್ದಾರೆಂದು ಕಟುಕನ ಜೊತೆ ಎರಡು ಸಲ ಜಗಳವಾಡಿಯೂ ಬಂದಿದ್ದಳು. ಈಗ ಗಂಡನೂ ಆ ಪಟ್ಟಿಗೆ ಸೇರಿದ.

ಮರುದಿನ ಬೆಳಿಗ್ಗೆ ಎಂದಿನಂತೆ ಮೂರು ಬುರಿಟೊ ಸುತ್ತಿ ಡಬ್ಬಿಗಿಟ್ಟಳು. ಅಂಗಡಿ ತೆಗೆಯುವುದು ಎಂಟಕ್ಕೆ. ಹಸಿಂತೊ ಏಳಕ್ಕೇ ಹೊರಟ. ಎರಡು ತಿಂಗಳಿಂದ ಹೀಗೇ ಹೊರಡುತ್ತಿದ್ದಾನೆ ಎಂಬುದು ಆಗ ಹೊಳೆಯಿತು. ಶಾಲು ಹೊದ್ದು ಹಿಂದೆ ನಡೆದಳು. ಅವನು ಅಂಗಡಿಯಿರುವ ಹೆದ್ದಾರಿಯ ಕಡೆ ತಿರುಗಲಿಲ್ಲ. ನದಿಯ ಕಡೆಯ ಓಣಿ ಹಿಡಿದು ಚೋನನ ಮನೆಗೆ ನುಗ್ಗಿದ.

ಬೆನಿಲ್ದೆಯ ಮಗನ ನಾಮಕರಣಕ್ಕೆ ನಿಂತ ಧರ್ಮಪಿತ ಚೋನ್. ಅವತ್ತಿನಿಂದ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ, ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಪರಸ್ಪರ ಬಹುವಚನ. ಹೆಂಡತಿ ಸತ್ತು ಆರು ವರ್ಷ. ಆ ಮನೆಯಲ್ಲಿ ಹೆಂಗಸೆಂಬ ಪ್ರಾಣಿಯೇ ಇಲ್ಲ. ಹಾಗಾದರೆ ಆ ಚಿಕ್ಕ ವಯಸ್ಸಿನವಳು ಇಲ್ಲಿಗೇ ಬರುತ್ತಾಳೆಯೇ? ಚೋನನಂಥ ಸಭ್ಯಸ್ಥ ಇದಕ್ಕೆ ಜಾಗ ಕೊಟ್ಟನೇ?

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಬೆನಿಲ್ದೆ ಒಳಗೆ ಇಣುಕಿದಳು.

ಹಸಿಂತೊ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ನಾಲಿಗೆ ಕಚ್ಚಿಕೊಂಡು, ಬಾಟಲಿಯಿಂದ ರೊಟ್ಟಿ ಲಟ್ಟಿಸುತ್ತಿದ್ದ. ಚೋನ್ ನಲ್ಲಿಯ ಕೆಳಗೆ ಜರಡಿ ಹಿಡಿದಿದ್ದ. ಜರಡಿಯಲ್ಲಿ ಅವಳ ಮಾಂಸ. ನೀರು ಧಾರೆಯಾಗಿ ಬೀಳುತ್ತಿತ್ತು.

"ನನ್ನ ಮಾಂಸ ಯಾಕೆ ತೊಳೀತಿದೀರಿ?"

ಇಬ್ಬರೂ ತಿರುಗಿದರು. ಚೋನ್ ನಲ್ಲಿ ನಿಲ್ಲಿಸುವುದನ್ನೂ ಮರೆತ. ಹಸಿಂತೊ ಬಾಟಲಿ ಕೆಳಗಿಟ್ಟು ಮತ್ತೆ ಎತ್ತಿಕೊಂಡ.

"ಹೇಳ್ಬಿಡಿ ಕೊಂಪಾದ್ರೆ," ಅಂದ ಚೋನ್. "ಇನ್ನೇನು ಮುಚ್ಚಿಡೋದು?"

"ನೀವೇ ಹೇಳಿ."

"ಹೆಂಡತಿ ನಿಮ್ಮೋಳು."

"ಯಾರಾದ್ರೂ ಒಬ್ರು ಬಾಯಿ ಬಿಡ್ತೀರೋ ಇಲ್ವೋ?" ಅಂದಳು ಬೆನಿಲ್ದೆ.

ಚೋನ್ ನೆಲ ನೋಡಿದ. "ಕೊಮಾದ್ರೆ, ಬೈಯೋದಾದ್ರೆ ನನ್ನ ಬೈರಿ. ಒಣಗಿಸುವಾಗಲೇ ಉಪ್ಪು ತಿಂದಿರೋ ಮಾಂಸ ಅದು. ಬಾಣಲೆಗೆ ಹಾಕಿದಾಗ ಮತ್ತೆ ಉಪ್ಪು ಹಾಕೋರು ಈ ನದಿಯುದ್ದಕ್ಕೂ ಯಾರೂ ಇಲ್ಲ. ನೀವು ಹಾಕ್ತೀರಿ. ಮುಷ್ಟಿಗಟ್ಟಲೆ. ಎರಡು ನೀರಲ್ಲಿ ತೊಳೆದು ಈರುಳ್ಳಿ ಜೊತೆ ಹುರಿದ್ರೆ ಆಗ ತಿನ್ನೋ ಹಾಗಾಗತ್ತೆ. ರೊಟ್ಟಿ ತೊಳೆಯೋಕಾಗಲ್ವಲ್ಲ, ಕೋಳಿಗೆ ಹಾಕಿದ್ವಿ. ಅವೂ ಮೂಸಿ ಹೋದ್ವು."

"ಸುಳ್ಳು. ಮೊನ್ನೆಯೂ ನಾನೇ ರುಚಿ ನೋಡಿ ಹಾಕಿದೀನಿ. ಸಪ್ಪೆ ಇತ್ತು."

ಮೇಜಿನ ಮೇಲೆ ಚೋನನ ಉಪ್ಪಿನ ಬಟ್ಟಲಿತ್ತು. ಬೆನಿಲ್ದೆ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡಳು. ಆಮೇಲೆ ಇನ್ನೊಂದು. ಆಮೇಲೆ ಮೂರು ಬೆರಳು ತುಂಬ. ಮರಳು ಕಡಿದಂತೆ ಕರಕರ ಅಂದಿತು, ಕರಗಿತು, ಅಷ್ಟೆ. ಅವಳ ಮುಖ ನೋಡಲಾಗದೆ ಚೋನ್ ತಿರುಗಿ ನಲ್ಲಿ ನಿಲ್ಲಿಸಿದ.

"ಇದು ಉಪ್ಪೇನಾ?" ಎಂದು ಕೇಳಿದಳು.

"ಉಪ್ಪೇ ಕಣೆ," ಅಂದ ಹಸಿಂತೊ.

ಹೆಂಗಸೊಬ್ಬಳು ಇಲ್ಲ ಎಂಬುದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇದ್ದಿದ್ದರೆ ಜುಟ್ಟು ಹಿಡಿದು ಎಳೆಯಬಹುದಿತ್ತು. ಇದನ್ನು ಎಲ್ಲಿ ಹಿಡಿಯುವುದು? ಸೊಸೆ ಎರಡು ಭಾನುವಾರದಿಂದ "ಅತ್ತೆ, ಈ ಸಲ ಊಟ ನಾವೇ ತರ್ತೀವಿ" ಅಂದದ್ದು ನೆನಪಾಯಿತು. ಕೊಬ್ಬು ಎಂದುಕೊಂಡಿದ್ದಳು. ಬೀದಿಯ ಮದುವೆ ಮನೆಯವರು ಅಡುಗೆಗೆ ಕರೆಯದೇ ಇದ್ದದ್ದು ಮರೆತಿರಬೇಕು ಎಂದುಕೊಂಡಿದ್ದಳು. ಊರಿಗೆಲ್ಲ ಗೊತ್ತಿತ್ತು, ತನ್ನ ಬಾಯಿಯ ವಿಷಯ ತನಗೊಬ್ಬಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ಜ್ವರ ಬಿಟ್ಟು ಎದ್ದು ನೀನು ಮೊದಲ ಸಲ ಒಲೆ ಹಚ್ಚಿದ್ದೆ. ಎಷ್ಟು ಖುಷಿಯಾಗಿದ್ದೆ ನೀನು. ನಾನು ಚೆನ್ನಾಗಿದೆ ಅಂದ್ಬಿಟ್ಟೆ," ಅಂದ ಹಸಿಂತೊ. "ಅಂದಮೇಲೆ ಮರುದಿನ ಏನನ್ಲಿ?"

ಅವಳು ಶಾಲು ಎಳೆದುಕೊಂಡು ಒಬ್ಬಳೇ ಮನೆಗೆ ನಡೆದಳು.

ಎರಡು ದಿನ ಒಲೆ ಹಚ್ಚಲಿಲ್ಲ. ಹಸಿಂತೊ ತಂದ ಬ್ರೆಡ್ಡು ತಿಂದರು. ಪಟ್ಟಣದ ಡಾಕ್ಟರು ಬಾಯಿ, ಮೂಗು ಎಲ್ಲ ನೋಡಿ, ಹೋದ ರುಚಿ ಮತ್ತೆ ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ ಅಂದರು. ಹೀಗೆ ಹೇಳುವುದಕ್ಕೂ ಓದಬೇಕೇ ಎಂದು ಅವಳಿಗೆ ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮಗ ಫೋನ್ ಮಾಡಿದ, ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟಿದ್ದೇವೆ ಎಂದು. ಸೊಸೆ ಹಿಂದಿನಿಂದ ಊಟದ ಮಾತು ತೆಗೆದಳು. "ಏನೂ ತರಬೇಡಿ. ರೊಟ್ಟಿಗೆ ಮಾಂಸ, ಚೀಸು ಹಾಕಿ ಮಡಚಿ ಕೆಸದಿಯಾ ಮಾಡ್ತೀನಿ," ಅಂದು ಬೆನಿಲ್ದೆ ಫೋನಿಟ್ಟಳು.

ಬಾಣಲೆಗೆ ಕೊಬ್ಬು, ಈರುಳ್ಳಿ, ಟೊಮೆಟೊ, ಮಚಾಕ. ಕೈ ತಾನಾಗಿ ಉಪ್ಪಿನ ಬಟ್ಟಲಿಗೆ ಹೋಯಿತು, ಹಿಂದಕ್ಕೆ ಬಂತು. ಬಣ್ಣ ನೋಡಿದಳು, ಸದ್ದು ಕೇಳಿದಳು. ಆಗಿದೆಯೋ ಇಲ್ಲವೋ ಒಂದೂ ತಿಳಿಯಲಿಲ್ಲ. ಕೊನೆಗೆ ಹಿತ್ತಿಲಿಗೆ ಕೂಗಿದಳು. "ಬಾರೋ ಇಲ್ಲಿ."

ಹಸಿಂತೊ ಬಂದ. ಅವಳು ಚಮಚ ನೀಡಿದಳು. ಅವನು ಬಾಯಿಗೆ ಹಾಕಿಕೊಳ್ಳುವ ಮೊದಲೇ "ಚೆನ್ನಾಗಿ..." ಎಂದು ಶುರುಮಾಡಿ ಅವಳ ಕಣ್ಣು ನೋಡಿ ನಿಂತ. ತಿಂದ.

"ಚೆನ್ನಾಗಿಲ್ಲ," ಅಂದ ಮೆಲ್ಲಗೆ. ಮದುವೆಯಾದ ಮೇಲೆ ಆ ಮಾತು ಇದೇ ಮೊದಲು.

"ಏನು ಕಮ್ಮಿ?"

"ಏನೋ ಒಂದು. ಅದರ ಹೆಸರು ನನಗೆಲ್ಲಿ ಗೊತ್ತಾಗತ್ತೆ ಮಾರಾಯ್ತಿ."

ಅವಳು ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಕೈಯಾಡಿಸಿ, ಮತ್ತೆ ಚಮಚ ಕೊಟ್ಟಳು. ಹಸಿಂತೊ ಕುರ್ಚಿ ಎಳೆದು ಕೂತು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯತೊಡಗಿದ. ಬೆನಿಲ್ದೆ ಸೌಟು ಹಿಡಿದುಕೊಂಡು ಅವನ ದವಡೆಯನ್ನೇ ನೋಡುತ್ತ ನಿಂತಳು.