ಧಾರೆ ಸೀರೆಯ ಬೆಳ್ಳಿ ಜರಿ

ಡಿಪ್ಲೊಮಾ ಪ್ರಾಜೆಕ್ಟಿಗೆ ನಾನು ಬಟ್ಟೆಯ ಮೇಲೆ ತಂತಿಯಿಲ್ಲದೆ, ಬರೀ ಜರಿಯಲ್ಲೇ ಹೊಲಿದು ಪುಟ್ಟ ಬಲ್ಬು ಹೊತ್ತಿಸಬೇಕಿತ್ತು. ನರಸೀಪುರದಿಂದ ತಂದ ಜರಿ ಪ್ಲಾಸ್ಟಿಕ್ಕಿನದು; ಕರೆಂಟು ಹರಿದರೆ ಕೂಗುವ ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿದರೂ ಬೀಪ್ ಎನ್ನಲಿಲ್ಲ. ನಾಳೆಯೇ ನಂಜನಗೂಡಿನ ಕಾಲೇಜಿನಲ್ಲಿ ತೋರಿಸಬೇಕು, ಇಲ್ಲದಿದ್ದರೆ ಫೇಲು.

“ನಿಮ್ಮಜ್ಜಿ ಧಾರೆ ಸೀರೆ ಅದೆ, ಬೆಳ್ಳಿ ಜರಿ. ಒಂದು ಗೇಣು ಕತ್ತರಿಸ್ಕೊಳವ್ವ,” ಎಂದು ಅಮ್ಮ ಪೆಟ್ಟಿಗೆಯಿಂದ ಅರ್ಧ ಸೀರೆ ತಂದು ಹರಡಿದಳು.

ಅಂಚಿಗೆ ಎರಡೂ ಕಡ್ಡಿ ಮುಟ್ಟಿಸಿದೆ. ಬೀಪ್ ಎಂದಿತು! ಕತ್ತರಿ ಎತ್ತಿಕೊಳ್ಳುವಾಗ ಒಂದು ಕಡ್ಡಿ ಕೈಜಾರಿ ಒಣಗಿದ ಮಣ್ಣುನೆಲಕ್ಕೆ ಬಿತ್ತು; ಇನ್ನೊಂದು ಅಂಚಿನ ಮೇಲೇ ಇತ್ತು. ಒಣ ಮಣ್ಣಲ್ಲಿ ಕರೆಂಟು ಹರಿಯದು, ಮೀಟರು ಸುಮ್ಮನಾಗಬೇಕಿತ್ತು. ಕೂಗುತ್ತಲೇ ಇತ್ತು.

“ಕೆಟ್ಟೋಯ್ತೇನವ್ವ ನಿನ್ನ ಡಬ್ಬ!” ಅಮ್ಮ ನಕ್ಕಳು.

ಎರಡು ಕಡ್ಡಿಯನ್ನೂ ನೆಲಕ್ಕೇ ಇಟ್ಟೆ. ಸದ್ದಿಲ್ಲ. ಒಂದನ್ನು ಮತ್ತೆ ಅಂಚಿಗೆ ಇಟ್ಟೆ. ಬೀಪ್.

“ಅಮ್ಮ, ಇದ್ಯಾಕೆ ಅರ್ಧ ಸೀರೆ? ಮಿಕ್ಕಿದ್ದೆಲ್ಲಿ?”

ಅಮ್ಮನ ನಗು ನಿಂತಿತು. “ನಮ್ಮಲ್ಲಿ ಸತ್ತೋರ ಧಾರೆ ಸೀರೆನ ಎರಡು ಮಾಡ್ತೀವಿ ಕಣವ್ವ. ಅರ್ಧ ಸೊಸೆಗೆ, ಅರ್ಧ ಅವರ ಜೊತೇಲೇ ಮಣ್ಣಿಗೆ.”

ಕತ್ತರಿಯ ಬಾಯಿ ಅಂಚಿಗೆ ತಾಗಿಸಿದೆ. ಸದ್ದು ತುಂಡುತುಂಡಾಯಿತು, ಏದುಸಿರಿನ ಹಾಗೆ.

“ಫೇಲಾದ್ರೆ ಆಗ್ಲಿ, ಎತ್ತಿಡಮ್ಮ,” ಎಂದೆ.

ಅಮ್ಮ ಸೀರೆ ಎತ್ತಹೋದಳು. ಅದರ ತುದಿ ನೆಲಕ್ಕೆ ಬಿಗಿಯಾಗಿ ಎಳೆದುಕೊಂಡು ನಿಂತಿತು. ಆಮೇಲೆ, ಯಾರೋ ಬೆರಳು ಸಡಿಲಿಸಿದ ಹಾಗೆ, ಮೆಲ್ಲಗೆ ಬಿಟ್ಟುಕೊಂಡಿತು.