ಬೆಕ್ಕು ಕೂರುವಷ್ಟು ನೆರಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗ್ಗೆ ಐದಕ್ಕೆ ನಿಂತರೆ ಮಧ್ಯಾಹ್ನ ಒಂದರವರೆಗೆ ಕೂರುವ ಮಾತಿಲ್ಲ. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವಿನಿಂದ ಹಾಸುಬಟ್ಟೆಗಳು ಒಂದರ ಹಿಂದೊಂದು ಜಾರಿ ಬರುತ್ತವೆ. ಈ ತುದಿ ಒಬ್ಬಳು, ಆ ತುದಿ ಒಬ್ಬಳು ಹಿಡಿದು, ಎಳೆದು ಕೊಡವಿ, ಮೂಲೆಗೆ ಮೂಲೆ ಕೂಡಿಸುತ್ತ ಎದುರುಬದುರಾಗಿ ನಡೆದು ಬರಬೇಕು. ಹಾಗೆ ನಡೆದು ನಡೆದು ಹದಿನೇಳು ವರ್ಷ ಕಳೆದವಳನ್ನು ಅಲ್ಲಿ ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಮಡಿಸಿದ ಪ್ರತಿ ಬಟ್ಟೆಗೂ ಮನಸ್ಸಿನಲ್ಲೇ ಒಂದು ಸಲ ದೇವರ ಹೆಸರು ಹೇಳುವುದು ಅವಳ ರೂಢಿ. ಇದರ ಮೇಲೆ ಮಲಗುವವರು ಯಾರೋ ಏನೋ, ಎದ್ದು ಮನೆಗೆ ಹೋಗಲಿ ಎಂಬಷ್ಟೇ ಬೇಡಿಕೆ. ಈಚೀಚೆಗೆ ಆ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು. ಆಕಳಿಕೆ ಬಂದು ಉಳಿದರ್ಧವನ್ನು ನುಂಗಿಬಿಡುತ್ತಿತ್ತು. ಹೇಳಿದ್ದು ಅರ್ಧವಾದರೂ ಕೇಳುವವನು ಪೂರ್ತಿ ಕೇಳಿಸಿಕೊಳ್ಳುತ್ತಾನೆ ಎಂದುಕೊಂಡು ಅವಳು ಮುಂದಿನ ಬಟ್ಟೆಗೆ ಕೈ ಚಾಚುತ್ತಿದ್ದಳು.

ಮನೆಗೆ ಬಂದರೆ ಅಂಗಳದ ತುಂಬ ಜನ.

ಗಂಡನದು ಸೈಕಲ್ ರಿಪೇರಿ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡೇ ಅಂಗಡಿ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲೇಳುತ್ತದೆಂದು ನೋಡುವಾಗ ಬಿಟ್ಟರೆ ಅವನ ಬಾಯಿಗೆ ಬಿಡುವಿಲ್ಲ. ಅಂಥವನ ಹತ್ತಿರ ಪಂಚರ್ ಹಾಕಿಸಲು ಬಂದವರು ಪಂಚರ್ ಮುಗಿದರೂ ಏಳುತ್ತಿರಲಿಲ್ಲ. ಸೈಕಲ್ಲೇ ಇಲ್ಲದವರೂ ಬರುತ್ತಿದ್ದರು. ನಿವೃತ್ತ ಮೇಷ್ಟ್ರಂತೂ ಊಟ ಮುಗಿಸಿ, ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು, ಗಡಿಯಾರ ನೋಡಿದಂತೆ ಎರಡಕ್ಕೆ ಹಾಜರು.

“ಅತ್ತಿಗೆ ಬಂದ್ರು! ಅತ್ತಿಗೆ, ಒಂದು ಚೊಂಬು ನೀರು!”

“ಬರೀ ನೀರಾ? ಇವಳೇ, ಒಂದಿಷ್ಟು ಟೀ ಇಟ್ಟುಬಿಡೇ. ಮೇಷ್ಟ್ರಿಗೆ ಸಕ್ಕರೆ ಬೇಡ, ಸಕ್ಕರೆಯಂಥ ಮಾತು ಅವರೇ ಹಾಕ್ಕೋತಾರೆ.”

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು ಒಳಗೆ ಹೋಗಿ ಟೀ ಇಡುತ್ತಿದ್ದಳು. ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಒಂದು ಮಾತು ಅಂದು ಹಗುರಾಗಬಹುದಿತ್ತು. ಮನೆಗೆ ಬಂದವರು ದೇವರು ಕಳಿಸಿದವರು ಎಂದು ಕೇಳಿ ಬೆಳೆದವಳು ಅವಳು. ಆದರೆ ಆ ದೇವರು ದಿನಾ ಎರಡು ಗಂಟೆಗೇ, ತನ್ನ ಪಾದ ಊದಿಕೊಂಡ ಹೊತ್ತಿಗೇ ಯಾಕೆ ಕಳಿಸುತ್ತಾನೆ ಎಂದು ಒಲೆಯ ಮುಂದೆ ಒಂದು ಗಳಿಗೆ ಅನ್ನಿಸಿ, ಹಾಗನ್ನಿಸಿದ್ದಕ್ಕೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಆ ವರ್ಷ ಅಂಗಳದ ನೀರಿನ ಪೈಪು ಒಡೆಯಿತು. ರಿಪೇರಿಗೆ ಬಂದವರು ನಾಲ್ಕು ಕಲ್ಲುಚಪ್ಪಡಿ ಕಿತ್ತು, ಕೆಲಸ ಮುಗಿಸಿ, ಮೂರನ್ನು ಮಾತ್ರ ಕೂರಿಸಿ ಹೋದರು. ನಾಲ್ಕನೆಯದು ಎರಡು ಹೋಳಾಗಿತ್ತು. ಹೀಗೆ ಇಡೀ ಅಂಗಳದಲ್ಲಿ ಒಂದು ಚಪ್ಪಡಿಯಷ್ಟು ಮಣ್ಣು, ಅಡುಗೆಮನೆಯ ಮೆಟ್ಟಿಲ ಪಕ್ಕದಲ್ಲೇ, ಬಾಯಿ ತೆರೆದುಕೊಂಡಿತು.

“ಒಂದು ಬಾದಾಮಿ ಮರ ಹಾಕಿಬಿಡೋಣ,” ಎಂದ ಗಂಡ. “ಕೊಡೆ ಬಿಚ್ಚಿದ ಹಾಗೆ ಹರಡುತ್ತೆ. ಪಾಪ, ಎಲ್ಲರೂ ಬಿಸಿಲಲ್ಲಿ ಕೂರ್ತಾರೆ. ಕೆಳಗೊಂದು ಕಟ್ಟೆ ಕಟ್ಟಿಸಿಬಿಟ್ರೆ ಮುಗೀತು, ಸ್ವರ್ಗ!”

“ದಾಸವಾಳ ಹಾಕೋಣ,” ಎಂದಳು.

“ದಾಸವಾಳ ಯಾಕೆ?”

“ದೇವರಿಗೆ ಹೂವಾಗುತ್ತೆ.”

ಹಾಗೆ ಹೇಳಿದ ಮೇಲೆ ಅವಳಿಗೆ ದೇವರ ಗೂಡಿನ ಕಡೆ ನೋಡಲು ನಾಚಿಕೆಯಾಯಿತು. ತನ್ನ ಬೇಡಿಕೆಯನ್ನು ಅವನ ಹೆಸರಿಗೆ ಬರೆದಿದ್ದಳು.

ಅದೂ ನಡೆಯಲಿಲ್ಲ. “ಹೂ ತಾನೆ? ಮೇಷ್ಟ್ರ ಮನೆಯಲ್ಲಿ ಬೇಲಿಯೇ ದಾಸವಾಳ. ದಿನಾ ಬರೋವಾಗ ಒಂದು ಬೊಗಸೆ ತನ್ನಿ ಅಂದ್ರೆ ತರ್ತಾರೆ,” ಎಂದ. ಅಂದಂತೆಯೇ ಮರುದಿನ ಮೇಷ್ಟ್ರು ಕವರಿನ ತುಂಬ ಹೂ ತಂದರು. ಹೂ ತಂದವರಿಗೆ ಟೀ ಕೊಡದೆ ಇರಲಾದೀತೆ?

ರಜೆಯ ದಿನ ಇಬ್ಬರೂ ನರ್ಸರಿಗೆ ಹೋದರು. ಹಸಿರು ಪರದೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

“ಅಜ್ಜಿ, ನೀವೇ ಹೇಳಿ. ಹೂವಿನ ಗಿಡ ಒಳ್ಳೇದೋ, ನೆರಳಿನ ಮರ ಒಳ್ಳೇದೋ?” ಗಂಡ ಗೆದ್ದವನಂತೆ ಕೇಳಿದ.

“ಒಳ್ಳೇದು ಕೆಟ್ಟದ್ದು ಗಿಡದ ಮೇಲೆ ಬರೆದಿರಲ್ಲಪ್ಪ. ಯಾರಿಗೆ ಬೇಕು, ಯಾತಕ್ಕೆ ಬೇಕು, ಅದು ಹೇಳು.” ಅಜ್ಜಿ ಕೈಯ ಮಣ್ಣು ಒರೆಸಿಕೊಂಡಳು. “ದಾಸವಾಳ ವರ್ಷದೊಳಗೆ ಹೂ ಬಿಡುತ್ತೆ. ಎದೆಮಟ್ಟ ಬರುತ್ತೆ, ಬಿಟ್ರೆ ತಲೆ ಮೇಲೂ ಹೋಗುತ್ತೆ. ಬಿಳೀ ಹುಳ ಹತ್ತುತ್ತೆ, ಸೋಪಿನ ನೀರು ಹೊಡೀಬೇಕು. ಬಾದಾಮಿ ನೆರಳು ಕೊಡೋಕೆ ಐದಾರು ವರ್ಷ. ಕೊಟ್ಟ ಮೇಲೆ ಮಾತ್ರ ಧಾರಾಳ. ಎಲೆ ಮೊರದಷ್ಟಿರುತ್ತೆ, ಉದುರೋಕೆ ಶುರುವಾದ್ರೆ ದಿನಕ್ಕೆರಡು ಸಲ ಗುಡಿಸು. ಬೇರು ಚಪ್ಪಡಿ ಎತ್ತುತ್ತೆ, ಪೈಪಿದ್ರೆ ಪೈಪೂ ಒಡೆಯುತ್ತೆ.”

“ಕೇಳಿದ್ರಾ? ಪೈಪಂತೆ,” ಎಂದಳು ಇಸ್ತ್ರಿಯಕ್ಕ. ದೇವರ ನೆಪವಾದ ಮೇಲೆ ಪೈಪಿನ ನೆಪ. ಎಲ್ಲಾದರೂ ಒಂದು ಆಸರೆ ಸಿಕ್ಕರೆ ಸಾಕಾಗಿತ್ತು.

“ಪೈಪು ಗೋಡೆ ಪಕ್ಕಕ್ಕೆ ಸರಿಸ್ತೀನಿ ಬಿಡು. ಎಲೆ ನಾನೇ ಗುಡಿಸ್ತೀನಿ.” ಅವನು ಆಗಲೇ ಬಾದಾಮಿ ಸಸಿಯ ಕುಂಡವನ್ನು ಎರಡು ಕೈಯಲ್ಲಿ ಎತ್ತಿಕೊಂಡಿದ್ದ. ಎತ್ತಿಕೊಂಡ ರೀತಿಯಲ್ಲೇ ಮಾತು ಮುಗಿದಿತ್ತು.

ಅವಳು ಪಕ್ಕದ ಸಿಮೆಂಟ್ ತೊಟ್ಟಿಯ ಅಂಚಿಗೆ ಕೂತುಬಿಟ್ಟಳು. ಕಾಲು ಸೋತಿತ್ತು. ವಾದ ಮಾಡುವ ಶಕ್ತಿಯೂ ಇರಲಿಲ್ಲ. ಆ ಶಕ್ತಿ ಇಲ್ಲದ್ದರಿಂದಲೇ ನಿಜ ಹೊರಗೆ ಬಂತು.

“ಅದರ ಕೆಳಗೆ ಎಷ್ಟು ಜನ ಕೂರಬಹುದು ರೀ?”

“ಹತ್ತು ಹನ್ನೆರಡು ಜನ ಆರಾಮಾಗಿ!”

“ದಾಸವಾಳದ ಕೆಳಗೆ?”

“ಅದರ ಕೆಳಗೆ ಯಾರೇ ಕೂರ್ತಾರೆ? ಬೆಕ್ಕು ಕೂತೀತು.”

“ಆ ಬೆಕ್ಕಿನ ಜಾಗ ನಂಗೆ ಬೇಕು.”

ಅವನು ಕುಂಡ ಹಿಡಿದೇ ನಿಂತ.

“ಹನ್ನೆರಡು ಜನ ಕೂತ್ರೆ ಹನ್ನೆರಡು ಲೋಟ. ನೀವು ಎಲೆ ಗುಡಿಸ್ತೀರಿ, ಸರಿ. ಲೋಟ ಯಾರು ತೊಳೀತಾರೆ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಜನ ಬೇಡ ಅಂತಲ್ಲ ರೀ. ಎರಡರಿಂದ ಮೂರು. ಆ ಒಂದು ಗಂಟೆ ನಾನು ಯಾರಿಗೂ ಬೇಕಾಗಿರಬಾರದು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂರಬೇಕು. ಮುಂದೆ ಒಂದು ಗಿಡ ಮರೆಯಿದ್ರೆ, ಅತ್ತಿಗೆ ಎಲ್ಲಿ ಅಂತ ಯಾರಿಗೂ ಕಾಣಲ್ಲ. ದೇವರಿಗೆ ಹೂವು ಅಂದಿದ್ದು ಸುಳ್ಳು.”

ಅಜ್ಜಿ ಮತ್ತೆ ಕಳೆ ಕೀಳಲು ಕೂತಳು. ಕೇಳಿಸದವಳಂತೆ ಕೂತಳು.

“ಇಷ್ಟು ದಿನ ಹೇಳಲೇ ಇಲ್ವಲ್ಲೇ,” ಎಂದ ಅವನು. “ನಗ್ತಾ ನಗ್ತಾ ಕೊಡ್ತಿದ್ದೆ.”

“ಅಳ್ತಾ ಕೊಟ್ರೆ ಯಾರು ಕುಡೀತಾರೆ?”

ಟ್ಯೂಬಿನ ಸಣ್ಣ ತೂತನ್ನು ಕಿವಿ ಕೊಟ್ಟು ಹುಡುಕುವ ಮನುಷ್ಯ ಅವನು. ಮನೆಯೊಳಗಿನ ಗಾಳಿ ಇಳಿಯುತ್ತಿದ್ದದ್ದು ಇಷ್ಟು ವರ್ಷ ಕೇಳಿಸಿರಲಿಲ್ಲ. ಕುಂಡವನ್ನು ಕೆಳಗಿಟ್ಟು, ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, “ಅಜ್ಜಿ, ಇದ್ದುದರಲ್ಲೇ ಎತ್ತರದ ದಾಸವಾಳ ಕೊಡಿ,” ಎಂದ.

ಎತ್ತರದ್ದು ಎಂದರೂ ಅದು ಮೊಣಕಾಲಿಗಿಂತ ಮೇಲೆ ಬರಲಿಲ್ಲ. ಏಳೆಂಟು ಎಲೆ, ಒಂದು ಕಡ್ಡಿಯ ಆಸರೆ. ಸಂಜೆಯೇ ನೆಟ್ಟರು. ಅವಳು ನೋಡಿ ನಿಟ್ಟುಸಿರು ಬಿಟ್ಟಳು. ಮರೆಯಾಗಲು ಇನ್ನೂ ವರ್ಷ ಬೇಕು. ಬೆಕ್ಕು ಇರಲಿ, ಇಲಿ ಕೂತರೂ ಬಾಲ ಹೊರಗೇ.

ಮರುದಿನ ಕೆಲಸ ಮುಗಿಸಿ ಬಂದವಳು ಅಂಗಳದ ಮಾತಿಗೆಲ್ಲ ತಲೆ ತಗ್ಗಿಸಿ ನೇರ ಮೆಟ್ಟಿಲ ಹತ್ತಿರ ಹೋದಳು. ಚಪ್ಪಲಿ ಬಿಟ್ಟಳು. ನಾಚುತ್ತಲೇ ಗಿಡದ ಹಿಂದೆ ಕೂತಳು. ಹಿಂದೆ ಎನ್ನುವುದು ಬರಿಯ ಮಾತು. ತಲೆಯಿಂದ ಪಾದದವರೆಗೆ ಇಡೀ ಅಂಗಳಕ್ಕೆ ಕಾಣುತ್ತಿದ್ದಳು. ಊದಿದ ಕಾಲು ಚಾಚಿ, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಈಗ ಯಾರಾದರೂ ಕೂಗುತ್ತಾರೆ ಎಂದು ಕಿವಿ ಮಾತ್ರ ಎದ್ದೇ ಇತ್ತು.

ಗೇಟು ಕಿರುಗುಟ್ಟಿತು. ಮೇಷ್ಟ್ರ ಚಪ್ಪಲಿ ಸದ್ದು.

“ಏನಪ್ಪಾ, ಮನೆಯಮ್ಮ ಬಂದ್ರಾ? ಗಂಟಲು ಒಣಗಿದೆ.”

ಶೆಡ್ಡಿನಲ್ಲಿ ಚಕ್ರ ತಿರುಗುತ್ತಿದ್ದ ಸದ್ದು ನಿಂತಿತು. ಗಂಡ ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ಟ್ಯೂಬಿನಲ್ಲಿ ತೂತು ಒಂದಿದ್ದರೆ ಗಿರಾಕಿಗೆ ಎರಡೆಂದವನೇ ಅಲ್ಲ.

“ಇಲ್ಲ ಮೇಷ್ಟ್ರೇ,” ಎಂದ. “ಅವಳು ಮನೇಲಿಲ್ಲ.”

ಮೇಷ್ಟ್ರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅವರು ಮೆಟ್ಟಿಲ ಕಡೆ ನೋಡಿದರು, ಎಂಟೆಲೆಯ ಗಿಡ ನೋಡಿದರು, ಅದರಾಚೆ ಇಡಿಯಾಗಿ ಕೂತವಳನ್ನು ನೋಡಿದರು, ಆಮೇಲೆ ಅವನ ಮುಖ ನೋಡಿದರು.

“ಹೌದಾ? ಇಲ್ವಾ?” ಎಂದರು ಮೆಲ್ಲಗೆ. “ಪಾಪ, ಕೆಲಸ ಜಾಸ್ತಿ ಇರಬೇಕು. ಬರಲಿ ಬಿಡು, ನಿಧಾನಕ್ಕೆ ಬರಲಿ.”

ಪೇಪರನ್ನು ಬೆಂಚಿನ ಮೇಲಿಟ್ಟು, ಶೆಡ್ಡಿನ ಗೂಟದಲ್ಲಿದ್ದ ಲೋಟ ತೆಗೆದುಕೊಂಡು, ಅಂಗಳದ ನಲ್ಲಿಗೆ ತಾವೇ ನಡೆದರು. ಸದ್ದಾಗದಂತೆ, ಸಣ್ಣಗೆ ತಿರುಗಿಸಿದರು. ಅವರ ಹಿಂದೆ ಇನ್ನೊಬ್ಬ ತನ್ನ ಲೋಟ ಹಿಡಿದು ನಿಂತ.

ಅವಳು ಕಣ್ಣು ತೆರೆಯಲಿಲ್ಲ. ತೆರೆದರೆ ಇದ್ದಾಳೆಂದಾಗುತ್ತಿತ್ತು. ಮುಚ್ಚಿದ ರೆಪ್ಪೆಯೊಳಗೆ ದೇವರ ಹೆಸರೊಂದನ್ನು ಹೇಳಲು ಹೊರಟಳು, ಮತ್ತೆ ಅರ್ಧಕ್ಕೇ ನಿದ್ದೆ ಬಂತು.