ಎರಡನೇ ಜೋಡಿ

ನನ್ನ ದನಿ ದಿನೇ ದಿನೇ ಸಣ್ಣದಾಗುತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ, ಡೈರಿಗೆ ಮಾತ್ರ ಗೊತ್ತು. ನಾನು ಏನಾದರೂ ಹೇಳಿದಾಗ ಎದುರಿನವರು ‘ಏನಂದೆ?’ ಎಂದು ಕೇಳಿದರೆ, ರಾತ್ರಿ ಮಲಗುವ ಮೊದಲು ಆ ಮಾತನ್ನು ಬರೆದು ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಪದವಿ ಮುಗಿದ ಹೊಸತರಲ್ಲಿ ವಾರಕ್ಕೆ ನಾಲ್ಕೈದು ಚುಕ್ಕೆ ಇರುತ್ತಿದ್ದವು. ಈಗ ದಿನಕ್ಕೇ ಅಷ್ಟಾಗುತ್ತವೆ. ಹೀಗೇ ಹೋದರೆ ಒಂದು ದಿನ ನನ್ನ ಬಾಯಿ ಆಡುವುದಷ್ಟೇ ಕಾಣಿಸಬಹುದು, ಶಬ್ದ ಬರಲಾರದು.

ಹೋದ ವರ್ಷ ಒಂದು ಶಾಲೆಯವರು ಪಾಠ ಮಾಡುವ ಕೆಲಸಕ್ಕೆ ಕರೆದಿದ್ದರು. ನಾನು ಹೋಗಲಿಲ್ಲ. ಹಿಂದಿನ ಬೆಂಚಿಗೆ ತಲುಪದ ದನಿ ಇಟ್ಟುಕೊಂಡು ಯಾವ ಪಾಠ? ಅಪ್ಪ ಕೆಲಸ ಮಾಡುತ್ತಿದ್ದ ಮುದ್ರಣಾಲಯದಿಂದ ಕರಡಚ್ಚು ತರಿಸಿಕೊಂಡು ಮನೆಯಲ್ಲೇ ಕೂತು ತಿದ್ದುತ್ತೇನೆ. ಆ ಕೆಲಸಕ್ಕೆ ಬಾಯಿ ಬೇಡ.

ಅಪ್ಪ ಅಲ್ಲಿ ಮೂವತ್ತನಾಲ್ಕು ವರ್ಷ ಮಷಿನ್ ನಡೆಸಿದವರು. ಒಮ್ಮೆ ಮಾಲೀಕರ ಮನೆಗೆ ಪುಟ ತೋರಿಸಲು ಹೋದಾಗ ಅಲ್ಲಿ ನೆಲದ ಮೇಲೆ ನಿಲ್ಲುವ ಎರಡು ಸ್ಪೀಕರ್ ನೋಡಿದ್ದರಂತೆ. ಸೊಂಟದೆತ್ತರ, ಮರದ ಮೈ. “ಹಾಡೋವ್ಳು ಆ ಕೋಣೇಲೇ ನಿಂತಿದ್ಲು ಗುಬ್ಬಿ. ನಾನು ಚಪ್ಪಲಿ ಬಿಟ್ಟು ಬಂದಿದ್ದೆನಲ್ಲ, ಸದ್ಯ ಅನ್ನಿಸ್ತು,” ಎಂದು ಆ ದಿನವನ್ನು ಎಷ್ಟು ಸಲ ಹೇಳಿದ್ದಾರೋ. ನನ್ನನ್ನು ಗುಬ್ಬಿ ಎನ್ನುವುದು ನನ್ನ ಚಿಲಿಪಿಲಿ ದನಿಗೆ. ನಿವೃತ್ತಿಯಾದ ಮರುವಾರವೇ ಅವರು ಅಳತೆಯ ಟೇಪು ಹಿಡಿದು ಹೊರಗಿನ ಕೋಣೆಯ ಮೂಲೆಗಳನ್ನು ಅಳೆಯತೊಡಗಿದರು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ರೀ, ಎತ್ತರ ಎಷ್ಟು ಅಂದ್ರಿ?”

“ಸೊಂಟದವರೆಗೆ.”

“ಎರಡೂ?”

“ಜೋಡಿ ಅಂದ್ರೆ ಎರಡೇ ಅಲ್ವೇನೆ.”

“ಹಾಗಾದ್ರೆ ಒಂದೇ ಸಲಕ್ಕೆ ಇಬ್ಬರು ಅಳಿಯಂದಿರು ಬಂದ ಹಾಗಾಯ್ತು. ಮೂಲೆ ಹಿಡಿದು ನಿಂತ್ಕೋತಾರೆ, ಕದಲೋದಿಲ್ಲ. ಕಾಫಿ ಕೇಳಲ್ಲ ಅನ್ನೋದೊಂದೇ ಪುಣ್ಯ.” ಹಾಗೆ ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಅಂಗಡಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಸಣ್ಣವಳಿದ್ದಾಗ ಮುದ್ರಣಾಲಯಕ್ಕೆ ಹೋದರೆ ಯಾವ ಮಷಿನ್ ಕೆಮ್ಮುತ್ತಿದೆ ಎಂದು ನಾನು ಹೇಳಿಬಿಡುತ್ತಿದ್ದೆನಂತೆ. ಅಂದಿನಿಂದ ನನ್ನ ಕಿವಿಯ ಮೇಲೆ ಅವರಿಗೆ ಪೂರ್ತಿ ನಂಬಿಕೆ. “ಬಾಯಿ ಸಣ್ಣದಾದರೂ ಕಿವಿ ದೊಡ್ಡದು ಇವಳದು,” ಎಂದು ಅಂಗಡಿಯಾಕೆಗೆ ಪರಿಚಯ ಮಾಡಿಸಿದರು.

ಆಕೆಗೆ ಐವತ್ತರ ಆಸುಪಾಸು. ಕನ್ನಡಕ ತಲೆಯ ಮೇಲೆ. ಹಿಂದಿನ ಕೋಣೆಯಲ್ಲಿ ಮೂರು ಜೋಡಿ ಸ್ಪೀಕರ್ ನಿಲ್ಲಿಸಿ ಮುಂದೆ ತೆಳುವಾದ ಪರದೆ ಎಳೆದಿದ್ದಳು, ನೋಟಕ್ಕೆ ಮರುಳಾಗಬಾರದೆಂದು. ನಮ್ಮಿಬ್ಬರಿಗೂ ಒಂದೊಂದು ಚೀಟಿ, ಪೆನ್ಸಿಲ್ಲು, ಮಧ್ಯದಲ್ಲಿ ಒಂದು ರಬ್ಬರು ಕೊಟ್ಟಳು. “ಒಂದೇ ಹಾಡನ್ನ ಮೂರರಲ್ಲೂ ಹಾಕ್ತೀನಿ. ಹತ್ತಕ್ಕೆ ಎಷ್ಟು ಅಂತ ಅಂಕ ಬರೀರಿ. ಒಬ್ಬರಿಗೊಬ್ಬರು ಮಾತಾಡ್ಕೋಬೇಡಿ.”

ಅಪ್ಪ ತಂದಿದ್ದು ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇದ್ದ ಹಾಡು. ಮೊದಲ ಜೋಡಿಯಲ್ಲಿ ಹಾಡುವ ಹೆಂಗಸು ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು. ಎರಡು ಸಾಲಿನ ನಡುವೆ ಉಸಿರು ತೆಗೆದುಕೊಂಡಿದ್ದೂ ತಿಳಿಯಿತು. ನಾನು ಒಂಬತ್ತು ಬರೆದೆ. ಎರಡನೇ ಜೋಡಿಯಲ್ಲಿ ಅದೇ ಹೆಂಗಸಿನ ಸಕಾರ ಶಕಾರಗಳೆಲ್ಲ ಸೂಜಿಗಳಾದವು. ಹಿಂದೆ ಬಾರಿಸುವ ಸಣ್ಣ ಗಂಟೆ ಹಲ್ಲಿನ ಬೇರಿಗೆ ತಗಲಿತು. ನಾಲ್ಕು ಬರೆದೆ. ಮೂರನೆಯದು ಹೊಟ್ಟೆಬಾಕ; ಡೋಲಿನ ಸದ್ದು ಬಿಟ್ಟು ಮಿಕ್ಕಿದ್ದನ್ನೆಲ್ಲ ನುಂಗಿತು. ಐದು.

ಪಕ್ಕಕ್ಕೆ ತಿರುಗಿದೆ. ಅಪ್ಪನ ಕಣ್ಣಲ್ಲಿ ನೀರಿತ್ತು. ಅವರ ಚೀಟಿಯಲ್ಲಿ ಒಂದನೆಯದಕ್ಕೆ ಐದು, ಮೂರನೆಯದಕ್ಕೆ ಮೂರು. ಎರಡನೆಯದಕ್ಕೆ ಹತ್ತು ಬರೆದು ಅದರ ಸುತ್ತ ಸುತ್ತು ಹಾಕಿದ್ದರು.

“ಈ ಹಾಡನ್ನ ನಾನು ಸಾವಿರ ಸಲ ಕೇಳಿರಬೇಕು ಗುಬ್ಬಿ,” ಎಂದರು, ಮಾತಾಡಬಾರದು ಎನ್ನುವುದನ್ನು ಮರೆತು. “ಹಿಂದೆ ಒಂದು ಗಂಟೆ ಇದೆ ಅಂತ ಇವತ್ತು ಗೊತ್ತಾಯ್ತು ನೋಡು.”

ಆ ಗಂಟೆ ನಮ್ಮ ಮನೆಯ ಕಪಾಟಿನ ಮೇಲಿನ ಅಂಗೈಯಗಲದ ಸ್ಪೀಕರಿನಲ್ಲೂ ನನಗೆ ಸದಾ ಕೇಳುತ್ತಿತ್ತು. ಆಗಲೇ ನಿಂತು ಯೋಚಿಸಬೇಕಿತ್ತು. ನಾನು ಮಾತ್ರ ರಬ್ಬರು ತೆಗೆದುಕೊಂಡು ನನ್ನ ಒಂಬತ್ತನ್ನೂ ನಾಲ್ಕನ್ನೂ ಅಳಿಸಿ, ಅಪ್ಪನದಕ್ಕೆ ಹತ್ತಿರವಾಗುವ ಹಾಗೆ ಆರು, ಒಂಬತ್ತು ಎಂದು ಬರೆದೆ. ದಿನವಿಡೀ ತಪ್ಪು ತಿದ್ದುವವಳು ಸರಿಯಿದ್ದುದನ್ನು ತಪ್ಪು ಮಾಡಿದ್ದು ಅದೇ ಮೊದಲು.

ಅಂಗಡಿಯಾಕೆ ಚೀಟಿಗಳನ್ನು ತೆಗೆದುಕೊಂಡು, ನನ್ನದನ್ನು ಬೆಳಕಿಗೆ ಹಿಡಿದಳು. ಅಪ್ಪ ಪರದೆ ಸರಿಸಿ ಎರಡನೇ ಜೋಡಿಯ ಮೈ ಸವರುತ್ತಿದ್ದಾಗ ನನಗೆ ಮಾತ್ರ ಹೇಳಿದಳು: “ಪೆನ್ಸಿಲ್ ಕೊಡೋದೇ ಮನಸ್ಸು ಬದಲಾಗಲಿ ಅಂತ ಕಣಮ್ಮ. ಆದ್ರೆ ಪಕ್ಕದವರ ಚೀಟಿ ನೋಡಿ ಬದಲಾಗಬಾರದು.” ಆಮೇಲೆ ಜೋರಾಗಿ, “ಮೂವತ್ತು ದಿನ ಮನೇಲಿ ಇಟ್ಕೊಂಡು ಕೇಳಿ ಸಾರ್. ಹಿಡಿಸ್ಲಿಲ್ಲ ಅಂದ್ರೆ ಬದಲಾಯಿಸಿ ಕೊಡ್ತೀನಿ. ಮೂವತ್ತೊಂದನೇ ದಿನ ನನ್ನ ಕೈಲಿಲ್ಲ,” ಎಂದಳು.

ಅಳಿಯಂದಿರು ಮನೆಗೆ ಬಂದರು. ಅಡಿಯಲ್ಲಿ ನಾಲ್ಕು ಚೂಪು ಕಾಲು, ನೆಲ ಕೊರೆಯದ ಹಾಗೆ ಒಂದೊಂದರ ಕೆಳಗೂ ಒಂದು ಲೋಹದ ಬಿಲ್ಲೆ. ಗೋಡೆಯಿಂದ ಎರಡು ಗೇಣು ಮುಂದೆ, ಒಂದರಿಂದೊಂದಕ್ಕೆ ಎಂಟು ಅಡಿ, ಕುರ್ಚಿಗೂ ಅಷ್ಟೇ. ಅಪ್ಪ ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಮಾಡಿದರು. ಅಮ್ಮ ಗುಡಿಸುವಾಗ ಆ ಗುರುತುಗಳನ್ನು ದಾಟಿ ಹೋಗುತ್ತಿದ್ದಳು. ಗಾಜಿನ ಕಪಾಟು ಒಳಗೆ ಹೋಯಿತು, ನನ್ನ ಕರಡಚ್ಚಿನ ಮೇಜು ಕಿಟಕಿಯಿಂದ ಅಡುಗೆಮನೆಯ ಬಾಗಿಲಿಗೆ ಸರಿಯಿತು.

ಮೊದಲ ವಾರ ಅಭ್ಯಾಸವಾದೀತು ಎಂದುಕೊಂಡೆ. ಎರಡನೇ ವಾರ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಮೇಲೆ ಕೂದಲು ಬಿಟ್ಟುಕೊಂಡೆ. ಅಪ್ಪ ಹೊರಗೆ ಹೋದಾಗ ಸ್ಪೀಕರುಗಳ ಮುಖವನ್ನು ಕುರ್ಚಿಯಿಂದ ಸ್ವಲ್ಪ ಆಚೆಗೆ ತಿರುಗಿಸಿದೆ. ಸೂಜಿಗಳು ಪಕ್ಕದಿಂದ ಹಾದುಹೋದವು. ಕಿಟಕಿಗೆ ದಪ್ಪ ಪರದೆ ಹಾಕಿದೆ. ಅವರು ಬಂದು ಕೂತು, ಎರಡು ನಿಮಿಷ ಕೇಳಿ, “ಇವತ್ತೇನೋ ಮಂಕಾಗಿದೆಯಲ್ಲ,” ಎಂದು ಎದ್ದು ಮತ್ತೆ ಸೀಮೆಸುಣ್ಣದ ಗುರುತಿಗೇ ತಂದರು. ಸಾಲದ್ದಕ್ಕೆ ಆಂಪ್ಲಿಫಯರಿನಲ್ಲಿ ಕೀರಲು ಸದ್ದನ್ನು ಏರಿಸುವ ಟ್ರೆಬಲ್ ಗುಂಡಿಯನ್ನು ಇನ್ನೊಂದು ಚೂರು ತಿರುವಿದರು. ಅಮ್ಮನಿಗೆ ಹಾಡು ಶುರುವಾದ ಕೂಡಲೇ ಮಾಳಿಗೆಯ ಮೇಲೆ ಬಟ್ಟೆ ಒಣಗಿದೆಯೇ ಎಂದು ನೋಡುವುದು ನೆನಪಾಗುತ್ತಿತ್ತು.

ಇದೆಲ್ಲ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಪ್ಪ ಆ ಕುರ್ಚಿಯಲ್ಲಿ ಕೂರುವ ರೀತಿ! ಬೆನ್ನು ನೆಟ್ಟಗೆ, ಕೈ ಮಂಡಿಯ ಮೇಲೆ, ಯಾರಾದರೂ ದೊಡ್ಡವರು ಮನೆಗೆ ಬಂದ ಹಾಗೆ. ಹಾಡು ಮುಗಿದರೆ, “ಗಂಟೆ ಕೇಳಿಸ್ತಾ?” ಎನ್ನುವರು. ನಾನು ತಲೆಯಾಡಿಸುವೆ. ತಲೆಯಾಡಿಸುವುದಕ್ಕೆ ಚುಕ್ಕೆ ಬೀಳುವುದಿಲ್ಲ.

ಇಪ್ಪತ್ತಾರನೇ ದಿನ ಸಂಜೆ ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಸ್ಪೀಕರನ್ನು ಸ್ವಲ್ಪ ಆಚೆಗೆ ತಿರುಗಿಸೋಣವೇ ಎಂದು ಕೇಳಿದೆ.

“ಏನಂದೆ?”

ಅದೇ ಹೊತ್ತಿಗೆ ಅಪ್ಪನ ಕೈಗಡಿಯಾರ ಕೂಗತೊಡಗಿತು. ಐದು ಗಂಟೆಯ ಮಾತ್ರೆಗಾಗಿ ಇಟ್ಟ ಅಲಾರಂ. ದಿನವೂ ಅದು ಕೂಗಿದ ಕೂಡಲೇ ಅಮ್ಮ ಒಳಗಿನಿಂದ “ರೀ, ಮಾತ್ರೆ” ಎನ್ನುತ್ತಿದ್ದಳು, ಅಪ್ಪ ಗುಂಡಿ ಒತ್ತುತ್ತಿದ್ದರು. ಇವತ್ತು ಅಮ್ಮ ಇಲ್ಲ. ಟಿಂ ಟಿಂ ಟಿಂ ಎಂದು ಅದು ಅವರ ಮಂಡಿಯ ಮೇಲೇ ಕೂಗುತ್ತಿತ್ತು. ಅವರು ಮುಖ ಮುಂದೆ ಚಾಚಿ, ನಗುತ್ತಾ, ನಾನು ಮತ್ತೊಮ್ಮೆ ಹೇಳಲಿ ಎಂದು ಕಾಯುತ್ತಿದ್ದರು. ಇಪ್ಪತ್ತು ಸೆಕೆಂಡು ಕೂಗಿ ಅದು ತಾನೇ ಸುಮ್ಮನಾಯಿತು. ಅವರು ಇನ್ನೂ ಕಾಯುತ್ತಿದ್ದರು.

“ಏನಿಲ್ಲ. ಮಾತ್ರೆ ಹೊತ್ತಾಯ್ತು,” ಎಂದು ಕೈಗಡಿಯಾರ ತೋರಿಸಿದೆ.

ರಾತ್ರಿಯವರೆಗೂ ಕಾಯಲಿಲ್ಲ. ಕೋಣೆಗೆ ಹೋಗಿ ಡೈರಿ ತೆಗೆದು ಹಿಂದಕ್ಕೆ ತಿರುವಿದೆ. ಚುಕ್ಕೆಗಳನ್ನು ಎಷ್ಟೋ ಸಲ ಎಣಿಸಿದ್ದೆ; ಕೇಳಿದವರು ಯಾರು ಎಂದು ಒಂದು ಸಲವೂ ನೋಡಿರಲಿಲ್ಲ. ಈ ತಿಂಗಳು ಎಂಬತ್ತಾರು ಚುಕ್ಕೆ. ಎರಡು ಅಮ್ಮನವು, ಮಿಕ್ಸಿ ತಿರುಗುವಾಗ. ಒಂದು ಬಸ್ಸಿನ ಕಂಡಕ್ಟರದು. ಉಳಿದವೆಲ್ಲ ಅಪ್ಪನವು. ಅಂಗಡಿಯಾಕೆಯ ಹತ್ತಿರ ಅಷ್ಟು ಹೊತ್ತು ಮಾತಾಡಿದ್ದೆ. ಒಂದೂ ಇಲ್ಲ.

ಅಡುಗೆಮನೆಗೆ ಹೋದೆ. ಅಮ್ಮ ಬಂದು ತರಕಾರಿ ಹೆಚ್ಚುತ್ತಿದ್ದಳು.

“ಅಮ್ಮ, ಅಪ್ಪಂಗೆ ಕಿವಿ...”

“ಹ್ಞೂಂ. ಸಣ್ಣ ಸದ್ದು, ಕೀರಲು ಸದ್ದು ಯಾವುದೂ ಕೇಳಲ್ಲ. ಮಷಿನ್ ಪಕ್ಕ ಅಷ್ಟು ವರ್ಷ ನಿಂತ್ರೆ ಇನ್ನೇನಾಗುತ್ತೆ. ಎರಡು ವರ್ಷದಿಂದ ನಾನೇ ಆ ಗಡಿಯಾರಕ್ಕೆ ಬಾಯಾಗಿದೀನಿ.”

“ಅವರಿಗೆ ಹೇಳಿದ್ಯಾ?”

“ಹೇಳ್ದೆ. ‘ನನ್ನ ಕಿವಿಗೇನಾಗಿದೆ? ನಿನ್ನ ಮಗಳು ಗೋಡೆ ಹತ್ರ ಮಾತಾಡೋ ಹಾಗೆ ಪಿಸುಗುಡ್ತಾಳೆ, ಅವಳಿಗೆ ಹೇಳು’ ಅಂದ್ರು.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ?” ಚಾಕು ನಿಂತಿತು. ಅಮ್ಮ ನನ್ನ ಮುಖ ನೋಡಿದಳು. ನಾನು ಶಾಲೆಯ ಕೆಲಸಕ್ಕೆ ಹೋಗದೆ ಉಳಿದ ದಿನ ಅವಳಿಗೆ ನೆನಪಾಗಿರಬೇಕು, ದನಿ ಇಳಿಯಿತು. “ಅವರು ಏನಂದೆ ಏನಂದೆ ಅನ್ನೋದು ನಿಂಗೆ ಇಷ್ಟು ತಾಗಿದೆ ಅಂತ ಗೊತ್ತಿರ್ಲಿಲ್ಲ ಕಣೇ. ನೀನೇ ಹೇಳು ಅವರಿಗೆ. ನಾನು ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳಿದ್ರೆ ಸುದ್ದಿ ಆಗುತ್ತೆ.”

ಮೂರು ದಿನ ಹೇಳಲಿಲ್ಲ. ಹೇಳಿದರೆ ಹೋಗುವುದು ಸ್ಪೀಕರು ಮಾತ್ರವಲ್ಲ. ಮಷಿನ್ ಕೆಡುವ ಮೊದಲೇ ಅದರ ಕೆಮ್ಮು ಕೇಳಿ ಹೇಳುತ್ತಿದ್ದ ಮನುಷ್ಯ ಅವರು. ಅವರ ಮೂವತ್ತನಾಲ್ಕು ವರ್ಷ ನಿಂತಿರುವುದೇ ಆ ಕಿವಿಯ ಮೇಲೆ. ಹೇಳದಿದ್ದರೆ ಈ ಸೂಜಿಗಳು ಇಲ್ಲೇ ಇರುತ್ತವೆ, ಅಮ್ಮ ಗಡಿಯಾರಕ್ಕೆ ಬಾಯಾಗಿಯೇ ಇರುತ್ತಾಳೆ, ನಾನು ಈ ಮೇಜಿನ ಮುಂದೆ ಚುಕ್ಕೆ ಇಡುತ್ತಾ ಇರುತ್ತೇನೆ. ಡೈರಿಯಲ್ಲಿ ಆ ಮಾತನ್ನು ಆರು ರೀತಿ ಬರೆದು ನೋಡಿದೆ. ಪ್ರತಿಯೊಂದನ್ನೂ ತಿದ್ದಿದೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದ್ದವು.

ಇಪ್ಪತ್ತೊಂಬತ್ತನೇ ದಿನ ಮಧ್ಯಾಹ್ನ ಅಂಗಡಿಯಾಕೆ ಫೋನ್ ಮಾಡಿದಳು. ಫೋನು ತೆಗೆದದ್ದು ನಾನು. “ನಾಳೆಗೆ ಮೂವತ್ತಾಗುತ್ತೆ. ಇಟ್ಕೋತೀರಾ, ಹೇಗೆ?”

“ಸಂಜೆ ಹೇಳ್ತೀನಿ.”

“ಸರಿಯಮ್ಮ. ಚೀಟಿ ಇನ್ನೂ ನನ್ನ ಹತ್ರಾನೇ ಇದೆ. ಅಳಿಸಿದ್ದು ಪೂರ್ತಿ ಹೋಗಿಲ್ಲ, ಓದೋಕೆ ಆಗುತ್ತೆ.” ಏನಂದೆ ಎಂದು ಆಕೆ ಒಂದು ಸಲವೂ ಕೇಳಲಿಲ್ಲ.

“ಯಾರದು?” ಎಂದರು ಅಪ್ಪ ಕುರ್ಚಿಯಿಂದ. ನಾನು ಸ್ಪೀಕರಿನ ಕಡೆ ಕೈ ತೋರಿಸಿದೆ. “ಇಟ್ಕೋತೀವಿ ಅಂತ ಹೇಳೋದಲ್ವಾ. ಅದರಲ್ಲಿ ಕೇಳೋದೇನಿದೆ? ಬಾ, ಕೂತ್ಕೋ ಇಲ್ಲಿ.” ತಾವು ಎದ್ದು, ಆ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ಇದುವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದೇ ಹಾಡು ಹಾಕಿ ಪಕ್ಕದಲ್ಲಿ ನೆಲದ ಮೇಲೆ ಕೂತು, ಹಾಡನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದರು.

ಕಿವಿಯಲ್ಲಿ ಹತ್ತಿ ಇತ್ತು. ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಗಂಟೆ ಬಾರಿಸಿತು, ನನ್ನ ಕಣ್ಣು ತಾನಾಗಿ ಕಿರಿದಾಯಿತು. ಅಪ್ಪ ಅದನ್ನು ನೋಡಿದರು. ನನ್ನ ಅಂಗೈಯನ್ನೂ ನೋಡಿದರು.

“ಅದೇನದು? ಹತ್ತೀನಾ?”

“ಚೀಟೀಲಿ ನಾನು ಎರಡನೇ ಜೋಡಿಗೆ ನಾಲ್ಕೇ ಅಂಕ ಹಾಕಿದ್ದೆ ಅಪ್ಪ. ನಿಮ್ಮದು ನೋಡಿ ಅಳಿಸಿಬಿಟ್ಟೆ.”

“ಏನಂದೆ? ಸ್ವಲ್ಪ ಬಾಯಿ ಬಿಟ್ಟು ಹೇಳು ಗುಬ್ಬಿ.”

ಎದ್ದು ಹೋಗಿ ಆಂಪ್ಲಿಫಯರ್ ಆರಿಸಿದೆ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಕೆಳಗಿಟ್ಟು ಸುಮ್ಮನೆ ನಿಂತದ್ದೂ ನನಗೆ ತಿಳಿಯಿತು. ಬರೆದಿಟ್ಟ ಆರು ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಎರಡು ಸ್ಪೀಕರುಗಳ ಮಧ್ಯೆ, ಹಾಡುವವಳು ನಿಲ್ಲುವ ಜಾಗದಲ್ಲಿ ನಿಂತು ಅಪ್ಪನ ಕಡೆ ತಿರುಗಿದೆ. ಹಿಂದಿನ ಬೆಂಚಿಗೆ ಮುಟ್ಟುವ ಹಾಗೆ ಉಸಿರು ತೆಗೆದುಕೊಂಡೆ.

“ಅಪ್ಪ, ನನ್ನ ದನಿ ಸಣ್ಣದಲ್ಲ. ನಿಮಗೆ ಕಿವಿ ಕೇಳಿಸ್ತಿಲ್ಲ.”